ಹೆಸರು ಕೂಗುವ ಜಾಗ

ಪದ ಮರೆತನಂತೆ. ಟೀವಿಯಲ್ಲಿ ಹಾಡಲು ಕೂತವನು ನಡುವೆ ಸಾಲು ತಪ್ಪಿಸಿಕೊಂಡು, ಕ್ಯಾಮೆರಾದ ಮುಂದೆ ಬೆಪ್ಪಾಗಿ ಕಿವಿಗೆ ಕೈ ಹಚ್ಚಿಕೊಂಡು ಕೂತುಬಿಟ್ಟನಂತೆ. ವಯಸ್ಸಾದ ಮೇಲೆ ಕಲಾವಿದರು ಮರ್ಯಾದೆಯಾಗಿ ಮನೆಯಲ್ಲಿರಬೇಕಂತೆ. ಬೆಂಗಳೂರಿನ ಪತ್ರಿಕೆಯೊಂದು ಆಗ ಹೀಗೆ ಬರೆದಿತ್ತು. ಬರೆದ ಮಹಾನುಭಾವರು ಈಗ ಎಲ್ಲಿದ್ದಾರೋ, ಎಲ್ಲಿದ್ದರೂ ಚೆನ್ನಾಗಿರಲಿ. ಆದರೆ ನನ್ನ ಬಾಯಲ್ಲಿ ಉಸಿರಿರುವವರೆಗೆ ಆ ಮಾತಿಗೆ ಹೂಂ ಅನ್ನುವುದಿಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಅವನ ಪದ ಕೇಳಿದವರು ಯಾರೂ ಅನ್ನುವುದಿಲ್ಲ. ಬೇಕಾದರೆ ಬಂದು ಕೇಳಿ ನೋಡಿ.

ನಾನು ಮಧುಗಿರಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದವನು. ಮದುವೆ, ನಾಟಕ, ಎಲೆಕ್ಷನ್ ಭಾಷಣ, ಎಲ್ಲಕ್ಕೂ ನನ್ನ ಹಾರನ್ನುಗಳೇ ಹೋಗುತ್ತಿದ್ದವು. ಆಂಪ್ಲಿಫಯರ್ ಇಟ್ಟುಕೊಂಡು ವೇದಿಕೆಯ ಹಿಂದೆ ಕೂರುವವನಿಗೆ ಒಂದು ಅನುಕೂಲವಿದೆ, ಮಾತಾಡುವವರ ಬೆನ್ನು ಕಾಣುತ್ತದೆ. ಮುಂದಿನಿಂದ ಹುಲಿಯಂತೆ ಗರ್ಜಿಸುವ ಎಷ್ಟೋ ಜನರ ಕಾಲು ಹಿಂದಿನಿಂದ ಗಡಗಡ ನಡುಗುವುದನ್ನು ನೋಡಿದ್ದೇನೆ. ನಡುಗದ ಕಾಲು ಅವನದು ಮಾತ್ರ.

ಅವನಿಗೊಂದು ಹೆಸರಿತ್ತು. ನಾನಿಲ್ಲಿ ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ. ನಾವೆಲ್ಲ ಪದದಣ್ಣ ಎನ್ನುತ್ತಿದ್ದೆವು. ಏಕವಚನದಲ್ಲೇ ಬರೆಯುತ್ತೇನೆ, ಬಹುವಚನ ಹಚ್ಚಿದರೆ, "ಯಾಕ್ಲಾ, ನನ್ ಜೊತೆ ಇನ್ಯಾರಾರ ಅವ್ರಾ?" ಎಂದು ಹಿಂದೆ ತಿರುಗಿ ನೋಡುತ್ತಿದ್ದ. ಆ ಪತ್ರಿಕೆಯವರು 'ಅವರು, ಅವರು' ಎಂದು ಬಹುವಚನದಲ್ಲೇ ಮಾನ ಕಳೆದಿದ್ದರು ಎಂಬುದು ಬೇರೆ ಮಾತು.

ಹುಲಿಕುಂಟೆ ಕಡೆಯ ಒಂದು ಹಟ್ಟಿಯವನು. ಕುರಿ ಕಾಯುವ ಮನೆತನ. ಇವನು ಮಾತ್ರ ಕುರಿ ಬಿಟ್ಟು ಕಂಬಳಿ ಹಿಡಿದ. ಹೆಗಲ ಮೇಲೆ ಮಾರುವ ಕಂಬಳಿಗಳ ಹೊರೆ, ಕಂಕುಳಲ್ಲಿ ದಮ್ಮಡಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಚರ್ಮದ ವಾದ್ಯ ಅದು. ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆಂದು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಬರುತ್ತಿದ್ದ. ಮಗು ಎತ್ತಿಕೊಂಡು ಬಂದನೇನೋ ಅನ್ನಿಸುತ್ತಿತ್ತು. ಇವತ್ತು ಸಿರಾ ಸಂತೆ, ನಾಳೆ ಬರಗೂರು, ಆಮೇಲೆ ಮಧುಗಿರಿ, ಹೀಗೆ ಕಾಲ್ನಡಿಗೆಯಲ್ಲೇ ತಿರುಗುತ್ತಾ ದಾರಿಯಲ್ಲಿ ಪದ ಕಟ್ಟುತ್ತಿದ್ದ.

ಅವನ ಪದ ಕಟ್ಟುವ ರೀತಿಯನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ. ಒಂದು ಸಂತೆಯಲ್ಲಿ ಹೊಸ ಪದ ಹಾಡುತ್ತಿದ್ದ. ಮುಂದಿನ ವಾರ ಅದೇ ಸಂತೆಗೆ ಹೋಗಿ ತಾನು ಬಾಯಿ ಬಿಡದೆ ಕೂತು, "ಹೋದ್ವಾರದ್ದು ನೀವೇ ಹಾಡ್ರಪ್ಪ, ಕೇಳಣ" ಎನ್ನುತ್ತಿದ್ದ. ಮೆಣಸಿನಕಾಯಿ ಮಾರುವ ಅವ್ವಂದಿರು, ಗಾಡಿ ಹೊಡೆಯುವವರು, ನೆನಪಿದ್ದಷ್ಟು ಹಾಡುತ್ತಿದ್ದರು. ಅವರಿಗೆ ನೆನಪಾಗದ ಸಾಲು ಪದದಿಂದ ಹೊರಗೆ. ಎಷ್ಟೇ ಸೊಗಸಾಗಿರಲಿ, ಹೊರಗೆ. ಒಂದು ಸಲ ನನಗೆ ಬಹಳ ಇಷ್ಟವಾದ ಸಾಲೊಂದನ್ನು ಹೀಗೆ ಬಿಸಾಕಿದ. ನಾನು ಜಗಳಕ್ಕೇ ನಿಂತೆ.

"ಚೆನ್ನಾಗಿತ್ತಲ್ಲಣ್ಣ, ಯಾಕೆ ತೆಗ್ದೆ?"

"ನಿಂಗೆ ಚೆನ್ನಾಗಿತ್ತು, ನಂಗೂ ಚೆನ್ನಾಗಿತ್ತು. ಆಯವ್ವನ ನಾಲ್ಗೆ ಮ್ಯಾಲೆ ಕೂರ್ಲಿಲ್ಲ ಕಣ್ ಬುಡು, ಮೈಕಪ್ಪ."

ನನ್ನನ್ನು ಅವನು ಮೈಕಪ್ಪ ಎನ್ನುತ್ತಿದ್ದ. ಅವನ ದೆಸೆಯಿಂದ ಊರಿಗೆಲ್ಲ ನಾನು ಮೈಕಪ್ಪನೇ ಆದೆ.

ಇಂಥ ಮನುಷ್ಯ ಸಾಲು ಮರೆತನಂತೆ. ಇರಲಿ, ಈಗ ಆ ಜಾಗದ ವಿಷಯಕ್ಕೆ ಬರುತ್ತೇನೆ.

ನಮ್ಮ ಕಡೆ ತತ್ವಪದ ಕಟ್ಟುವವರು ಕೊನೆಯ ಸಾಲಿನಲ್ಲಿ ತಮ್ಮ ಹೆಸರನ್ನೋ ಗುರುವಿನ ಹೆಸರನ್ನೋ ಇಟ್ಟು ಮುಗಿಸುತ್ತಾರೆ. ಅದಕ್ಕೆ ಅಂಕಿತ ಅನ್ನುತ್ತಾರೆ. ಇದು ಇಂಥವರ ಪದ ಎಂದು ಹೊಡೆದ ಮುದ್ರೆ ಅದು. ಪದದಣ್ಣ ಪ್ರತಿ ಚರಣದ ಕೊನೆಗೂ ಆ ಜಾಗ ಇಟ್ಟು, ಅದನ್ನು ಖಾಲಿ ಬಿಟ್ಟಿದ್ದ. ಅವನ ಪದಗಳಲ್ಲೆಲ್ಲ ಹೆಚ್ಚು ಓಡಾಡಿದ್ದು ಇದು:

ಬಸ್ಸು ನಿಲ್ಲಿಸು ಅಂದ್ರೆ ಯಾರ್ಲಾ ಅಂದಾರೆ
ಬಾವಿ ನೀರ ಕೇಳಿದ್ರೆ ಯಾರ್ಲಾ ಅಂದಾರೆ
ಯಾರ್ಲಾ ಅಂದೋರ ಮುಂದೆ ಎದ್ದು ನಿಲ್ಲಣ್ಣ
ಎದೆ ತಟ್ಟಿ ಕೂಗಿ ಹೇಳೋ ನಿನ್ನ ಹೆಸರಣ್ಣ

ಇಷ್ಟು ಹೇಳಿ ಬಾಯಿ ಮುಚ್ಚುತ್ತಿದ್ದ. ದಮ್ಮಡಿ ಮಾತ್ರ ಬಡಿಯುತ್ತಿತ್ತು. ಕಿವಿಯ ಹಿಂದೆ ಅಂಗೈ ಇಟ್ಟು ಜನದ ಕಡೆ ಬಾಗುತ್ತಿದ್ದ. ಆಗ ಕೂತವರು ಎದ್ದು ತಂತಮ್ಮ ಹೆಸರು ಕೂಗಬೇಕು. ದೊರೆಗಳ ಹೆಸರಲ್ಲ, ದೇವರ ಹೆಸರಲ್ಲ, ತಮ್ಮದೇ ಹೆಸರು. ಮೊದಮೊದಲು ಜನ ನಾಚುತ್ತಿದ್ದರು. ಯಾರಾದರೂ ಹೆಸರು ಕೇಳಿದರೆ ತಲೆ ತಗ್ಗಿಸಿ ಹೇಳಿ ಅಭ್ಯಾಸವಾದವರು, ಅದನ್ನೇ ತಲೆ ಎತ್ತಿ ಕೂಗು ಎಂದರೆ ಹೇಗೆ? ಕೇರಿಯ ಒಬ್ಬ ಮುದುಕ ಮೊದಲ ಸಲ ತನ್ನ ಹೆಸರು ಕೂಗಿ, ಕೂಗಿದ್ದಕ್ಕೆ ತಾನೇ ಗಾಬರಿಯಾಗಿ ಬಾಯಿ ಮುಚ್ಚಿಕೊಂಡದ್ದನ್ನು ಕಣ್ಣಾರೆ ಕಂಡಿದ್ದೇನೆ. ಎರಡನೇ ಚರಣಕ್ಕೆ ಅದೇ ಮುದುಕ ಎಲ್ಲರಿಗಿಂತ ಮೊದಲು ಎದ್ದಿದ್ದ.

ಈ ಜಾಗದ ದೆಸೆಯಿಂದಲೇ ನನಗೂ ಅವನಿಗೂ ಮೊದಲ ಜಗಳವಾದದ್ದು. ಕೊರಟಗೆರೆಯ ಶಾಲೆ ಬಯಲಿನಲ್ಲಿ ಕಾರ್ಯಕ್ರಮ. ಪದ ಅಲ್ಲಿಗೆ ಬಂದ ಕೂಡಲೇ ಪುಣ್ಯಾತ್ಮ ಸ್ಟ್ಯಾಂಡಿನಿಂದ ಮೈಕು ಕಿತ್ತು ಜನದ ಕಡೆ ಹಿಡಿದ. ಹಾರನ್ನಿಗೆ ಎದುರಾದ ಮೈಕು ಕುಂಯ್ ಎಂದು ಕಿರುಚಿತು. ಬಯಲಿನ ದನಗಳೆಲ್ಲ ಚೆಲ್ಲಾಪಿಲ್ಲಿ. ನಾನು ಓಡಿ ಹೋಗಿ ಕಿತ್ತುಕೊಳ್ಳಲು ನೋಡಿದೆ.

"ನಿನ್ ಡಬ್ಬ ಕಿರುಚ್ಕಂಡ್ರೆ ಕಿರುಚ್ಕಳ್ಳಿ," ಎಂದ ಬಿಡದೆ. "ಜನದ ಬಾಯಿಗೆ ಹಿಡೀದಿದ್ಮ್ಯಾಕೆ ಮೈಕ್ ಯಾಕ್ಲಾ ಬೇಕು? ನನ್ ಗಂಟ್ಲು ಅವ್ರಿಗೆ ಅಂಗೇ ಕೇಳ್ತೈತೆ. ಅವ್ರ ಗಂಟ್ಲೇ ಯಾರ್ಗೂ ಕೇಳ್ದಿರೋದು."

ಅಲ್ಲಿಂದ ಮುಂದೆ ಅವನ ಕಾರ್ಯಕ್ರಮಕ್ಕೆ ನಾನು ಎರಡು ಮೈಕು ಒಯ್ಯತೊಡಗಿದೆ. ಒಂದು ಅವನಿಗೆ, ಇನ್ನೊಂದು ಉದ್ದ ವೈರಿನ ತುದಿಯಲ್ಲಿ ಜನದ ನಡುವೆ. ಹಾರನ್ನುಗಳನ್ನು ದೂರ ಕಟ್ಟಿ ಊರ ಕಡೆ ತಿರುಗಿಸುತ್ತಿದ್ದೆ.

ಆ ಜಾಗಕ್ಕೆ ಅಳತೆ ಇರಲಿಲ್ಲ. ಸಿರಾದಲ್ಲಿ ಟ್ರಂಕು ರಿಪೇರಿ ಮಾಡುವ ಒಬ್ಬ ಸಾಹೇಬರಿದ್ದರು. ಅವರಿಗೆ ಮಾತು ತೊದಲುತ್ತಿತ್ತು, ಹೆಸರೋ ಉದ್ದದ್ದು. ಒಮ್ಮೆ ಅವರು ಎದ್ದು ನಿಂತು ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡರು. ಎಲ್ಲರೂ ಕೂಗಿ ಮುಗಿಸಿ ಕೂತರು. ಸಾಹೇಬರು ಇನ್ನೂ ನಿಂತೇ ಇದ್ದಾರೆ, ಮುಖ ಕೆಂಪಾಗಿದೆ. ಯಾರೋ ಪಡ್ಡೆಗಳು ಕಿಸಕ್ಕೆಂದರು. ಪದದಣ್ಣ ಮುಂದಿನ ಸಾಲಿಗೆ ಹೋಗಲಿಲ್ಲ. ದಮ್ಮಡಿಯ ಏಟನ್ನು ಮೆಲ್ಲಗೆ ಮಾಡಿ, ಅವರ ಮುಖವನ್ನೇ ನೋಡುತ್ತಾ ಬಡಿಯುತ್ತಲೇ ಇದ್ದ. ಕಿಸಕ್ಕೆಂದವರು ಸುಮ್ಮನಾದರು. ಕೊನೆಗೆ ಸಾಹೇಬರ ಹೆಸರು ಪೂರ್ತಿ ಹೊರಗೆ ಬಂತು, ತಂದೆಯ ಹೆಸರಿನ ಸಮೇತ. ಆಮೇಲೆಯೇ ಪದ ಮುಂದೆ ಹೋದದ್ದು. "ಶುಕ್ರಿಯಾ ಭಾಯ್" ಎಂದು ಸಾಹೇಬರು ಕೈ ಹಿಡಿದಾಗ ಇವನು, "ನಾನೇನ್ ಮಾಡ್ದೆ? ಕೂಗ್ದೋರು ನೀವು," ಎಂದ.

ಪಾವಗಡದ ಕಡೆ ಹೋದರೆ 'ಯಾರ್ಲಾ' ಎನ್ನುವ ಜಾಗದಲ್ಲಿ ತೆಲುಗಿನ 'ಎವರ್ರಾ' ಹಾಕುತ್ತಿದ್ದ. ಬಲಸಮುದ್ರದ ಒಬ್ಬ ಅಜ್ಜ ಅದನ್ನು ಕೇಳಿ ಖುಷಿಯಾಗಿ, "ತೆಲುಗುಲೋ ತಿಡಿತೇನೇ ಅದಿ ತಿಟ್ಟು, ನಾಯನಾ" ಎಂದಿದ್ದ. ತೆಲುಗಿನಲ್ಲಿ ಬೈದರೇನೇ ಅದು ಬೈಗುಳವಂತೆ.

ಇಷ್ಟೂ ಊರುಗಳ ಹೆಸರು ಕೇಳಿಸಿಕೊಂಡವನಿಗೆ ಒಂದು ಕೊರಗಿತ್ತು. ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, ಒಂದು ಸಲವೂ ಕೂಗಿರಲಿಲ್ಲ. ಹಟ್ಟಿಯಲ್ಲಿ ಅವನು ಹಾಡುವಾಗ ಬಂದವರಿಗೆಲ್ಲ ಮುದ್ದೆ ತೊಳಸುತ್ತಾ ಒಲೆಯ ಮುಂದೆಯೇ ಇರುತ್ತಿದ್ದಳು. "ನಾಕ್ ತಾಲ್ಲೂಕು ಕೂಗೈತೆ, ನನ್ ಮನೆ ಒಂದು ಕೂಗಿಲ್ಲ ಕಣ್ಲಾ," ಎಂದು ಒಮ್ಮೆ ಅವಳಿಗೆ ಕೇಳುವಂತೆಯೇ ನನಗೆ ಹೇಳಿದ. ಒಳಗಿನಿಂದ ಉತ್ತರ ಬಂತು: "ನನ್ ಹೆಸ್ರು ಕಟ್ಕಂಡು ಯಾರ್ಗೇನಾಗ್ಬೇಕು? ಉಣ್ಣಾಕ್ ಬರ್ರಿ."

ಎಂಬತ್ತರ ದಶಕದಲ್ಲಿ ನಮ್ಮ ಕಡೆಗೂ ಟೀವಿ ಬಂತು. ನಾನು ಒಂದು ಕಪ್ಪುಬಿಳುಪಿನ ಸೆಟ್ಟು ತಂದು ಅಂಗಡಿಯಲ್ಲಿಟ್ಟೆ. ಬಿದಿರು ಕಟ್ಟಿ ಆಂಟೆನಾ ಎತ್ತರಿಸಿದರೆ ಬೆಂಗಳೂರಿನ ಚಿತ್ರ ಒಂದಷ್ಟು ಹೊತ್ತು ನಿಲ್ಲುತ್ತಿತ್ತು. ಪದದಣ್ಣನಿಗೆ ಟೀವಿಯಿಂದ ಕರೆ ಬಂದಾಗ ನಮಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೋಗಿ ಹಾಡಿ ಬಂದ. ಅಲ್ಲಿಯ ಅಧಿಕಾರಿಯೊಬ್ಬರು, "ಅಷ್ಟು ಹೊತ್ತು ಖಾಲಿ ಬಿಟ್ಟರೆ ಜನ ಸೆಟ್ಟು ಕೆಟ್ಟಿತು ಅಂದುಕೊಳ್ತಾರೆ, ಅಲ್ಲಿ ನಿಮ್ಮ ಹೆಸರು ಸೇರಿಸಿಬಿಡಿ," ಎಂದರಂತೆ. ಇವನು ಆಗುವುದಿಲ್ಲವೆಂದ. ಅವರು ನಕ್ಕು, ಸರಿ, ನಾವು ನೋಡಿಕೊಳ್ಳುತ್ತೇವೆ ಎಂದರಂತೆ.

ಅವರು ಹೇಗೆ ನೋಡಿಕೊಂಡಿದ್ದರೆಂದು ಪ್ರಸಾರದ ಸಂಜೆ ಗೊತ್ತಾಯಿತು. ಅಂಗಡಿಯ ಮುಂದೆ ಸಂತೆಯಷ್ಟು ಜನ. ಪದದಣ್ಣನೂ ಒಂದು ಸ್ಟೂಲಿನ ಮೇಲೆ ಕೂತಿದ್ದ. ಪದ ಆ ಜಾಗಕ್ಕೆ ಬಂತು. ನಾವು ಬಾಯಿ ತೆರೆದೆವು. ಟೀವಿಯಲ್ಲಿ ಅವನ ಮುಖ ಮಾಯವಾಗಿ ಸೂರ್ಯಕಾಂತಿ ಹೂವಿನ ತೋಟ ಬಂತು, ಹಿಂದಿನಿಂದ ಕೊಳಲು ಊದುತ್ತಿತ್ತು. ತೆರೆದ ಬಾಯಿ ತೆರೆದೇ ಇದ್ದವು.

"ಹೂವ ತೋರ್ಸವ್ರಲ್ಲಾ," ಎಂದ ಪದದಣ್ಣ ಮೆತ್ತಗೆ. "ಹೂವಿಗೆ ಹೆಸ್ರು ಕೇಳ್ದೆನಾ ನಾನು?"

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಟೀವಿಯವರು ತನಗೆ ಮಾಡಿದ್ದಕ್ಕಿಂತ ನಮ್ಮ ಬಾಯಿಗೆ ಮಾಡಿದ್ದು ಅವನನ್ನು ಕೆಣಕಿತ್ತು. "ಇನ್ನೊಂದ್ ಸಲ ಹೋಗ್ಬೇಕು ಕಣ್ಲಾ," ಎಂದು ಎದ್ದು ಹೋದ.

ಇನ್ನೊಂದು ಸಲ ಕರೆ ಬರುವ ಹೊತ್ತಿಗೆ ಅವನ ಗಂಟಲಿಗೆ ರೋಗ ಬಂದಿತ್ತು. ಗಂಜಿ ಇಳಿಯುವುದೂ ಕಷ್ಟ. ಹಾಡುವುದಿರಲಿ, ಜೋರಾಗಿ ಮಾತಾಡಕೂಡದೆಂದು ಡಾಕ್ಟರು ಹೇಳಿದ್ದರು. ಹಬ್ಬದ ದಿನದ ವಿಶೇಷ ಕಾರ್ಯಕ್ರಮವೊಂದಕ್ಕೆ ಕರೆದಿದ್ದರು. ನಾನು ಹಟ್ಟಿಗೆ ಹೋಗಿ ಬೇಡವೆಂದೆ. ಅತ್ತಿಗೆ ಅಷ್ಟರಲ್ಲಾಗಲೇ ಅತ್ತು ಜಗಳವಾಡಿ ಸೋತು, ಅವನ ಅಂಗಿ ಒಗೆದು ಹಾಕಿದ್ದಳು.

"ಈ ಸಲ ನೇರ ಪ್ರಸಾರ ಅಂತೆ, ಮೈಕಪ್ಪ," ಎಂದ. ದನಿ ಗೊಗ್ಗರಾಗಿತ್ತು. "ಹಾಡ್ದಂಗೆ ಹಾಡ್ದಂಗೇ ಹೋಗ್ತೈತಂತೆ. ಕತ್ರಿ ಹಾಕಕ್ಕಾಗಲ್ಲ, ಹೂವ ತೋರ್ಸಕ್ಕಾಗಲ್ಲ. ನೀವ್ ಮಾತ್ರ ಬಾಯ್ ಮುಚ್ಕಂಡ್ ಕೂತಿರೋ, ಬಂದು ಒದೀತೀನಿ."

ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು.

ಆ ಸಂಜೆ ಕರೆಂಟು ಕೈ ಕೊಟ್ಟೀತೆಂದು ನಾನು ಟೀವಿಗೆ ಮೈಕ್‌ಸೆಟ್ಟಿನ ಬ್ಯಾಟರಿ ಸಿಕ್ಕಿಸಿದ್ದೆ. ಟೀವಿಯ ಸ್ಪೀಕರಿನಿಂದ ವೈರೆಳೆದು ಬೀದಿಯ ಎರಡೂ ತುದಿಗೆ ಹಾರನ್ನು ಕಟ್ಟಿದ್ದೆ. ಬೀದಿ ತುಂಬ ಜನ. ಸಿರಾದಿಂದ ಸಾಹೇಬರು ಬಂದಿದ್ದರು, ಬಲಸಮುದ್ರದ ಅಜ್ಜ ಕಂಬಳಿ ಹೊದ್ದು ಬಂದಿದ್ದ. ಪದದಣ್ಣ ಕಾಣಿಸಿದ. ಇಳಿದು ಹೋಗಿದ್ದ, ಅಂಗಿಯ ಕಾಲರಿನಲ್ಲಿ ಕುತ್ತಿಗೆ ಕಡ್ಡಿಯಂತೆ ಕಾಣುತ್ತಿತ್ತು. ಆದರೆ ಹಾಡಿದ. ಗೊಗ್ಗರು ದನಿಯಲ್ಲೇ, ಒಂದೊಂದು ಸಾಲನ್ನೂ ಕಲ್ಲು ಎತ್ತಿದಂತೆ ಎತ್ತಿ ಇಡುತ್ತಾ ಹಾಡಿದ. ಆ ಜಾಗ ಬಂತು. ದಮ್ಮಡಿಯನ್ನು ತೊಡೆಯ ಮೇಲಿಟ್ಟು ಬೆರಳಲ್ಲಿ ಬಡಿಯುತ್ತಾ, ಕಿವಿಯ ಹಿಂದೆ ಅಂಗೈ ಹಚ್ಚಿ, ನೇರ ಕ್ಯಾಮೆರಾದೊಳಗೆ ನೋಡಿದ. ನಮ್ಮನ್ನು ನೋಡಿದ.

ನಾವು ಕೂಗಿದೆವು. ಟೀವಿಗೆ ಕಿವಿ ಇಲ್ಲವೆಂದು ಗೊತ್ತಿಲ್ಲದ ಮುಠ್ಠಾಳರೇನಲ್ಲ ನಾವು. ಆದರೂ ಕೂಗಿದೆವು. ಹಿಂದಿನ ಸಲ ನುಂಗಿಕೊಂಡಿದ್ದನ್ನೂ ಸೇರಿಸಿ ಕೂಗಿದೆವು. ಸಾಹೇಬರು ಈ ಸಲ ಒಂದೇ ಏಟಿಗೆ ಹೆಸರು ಹೇಳಿ, ಹೇಳಿದ ಖುಷಿಗೆ ಮತ್ತೆ ಮತ್ತೆ ಹೇಳಿದರು. ಬರಗೂರು, ಕೊರಟಗೆರೆ, ಪಾವಗಡ, ಟೀವಿ ಇದ್ದ ಕಡೆಯೆಲ್ಲ ಇದೇ ಕತೆಯಾಗಿತ್ತೆಂದು ಆಮೇಲೆ ತಿಳಿಯಿತು. ಯಾರೂ ನಿಲ್ಲಿಸುವವರಿಲ್ಲ. ನನ್ನ ಎರಡು ಹಾರನ್ನುಗಳ ಸದ್ದು ಜನದ ಸದ್ದಿನಲ್ಲಿ ಮುಳುಗಿಹೋಯಿತು. ನಮ್ಮ ಕೂಗು ಇಳಿಯುವಷ್ಟರಲ್ಲಿ ಟೀವಿಯಲ್ಲಿ ಇನ್ಯಾರೋ ಬಂದು ವೀಣೆ ಬಾರಿಸುತ್ತಿದ್ದರು.

ಅವನ ಕೊನೆಯ ಚರಣವನ್ನು ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೂ ಕೇಳಿಸಿಕೊಂಡಿರಲಿಲ್ಲ. ಇಂಥ ತಪ್ಪು ಮಾಡುವುದು ನಮ್ಮ ಜನಕ್ಕೆ ಮಾತ್ರ ಸಾಧ್ಯ. ಪ್ರಾಣ ಒತ್ತೆಯಿಟ್ಟು ಹಾಡಿದ ಮನುಷ್ಯನ ಹಾಡನ್ನು ಅವನ ಅಭಿಮಾನಿಗಳೇ ಕೂಗಿ ಮುಳುಗಿಸಿದ್ದರು. ಎರಡು ದಿನ ಬಿಟ್ಟು ಪತ್ರಿಕೆಯಲ್ಲಿ ಆ ವಿಮರ್ಶೆ ಬಂತು. ನಡುವೆ ಸಾಲು ಮರೆತರು, ಕೊನೆಯ ಚರಣದಲ್ಲಿ ದನಿಯೇ ಹೊರಡಲಿಲ್ಲ, ಇಂಥವರನ್ನು ಕರೆಯುವುದು ಅವರಿಗೇ ಅವಮಾನ ಎಂದೆಲ್ಲ. ನಾನು ಪತ್ರಿಕೆಯನ್ನು ಅಂಗಡಿಯ ಮುಂದೆಯೇ ಸುಟ್ಟೆ. ಈಗಲೂ ಅದಕ್ಕೆ ಬೇಸರವಿಲ್ಲ.

ಮುಂದಿನ ಸುಗ್ಗಿಯ ಹೊತ್ತಿಗೆ ಅವನು ತೀರಿಕೊಂಡ. ಹಟ್ಟಿಯ ಪಕ್ಕದ ಹೊಲದಲ್ಲೇ ಮಣ್ಣು ಮಾಡಿದೆವು. ತಿಥಿ ಮುಗಿದ ಮೇಲೆ ನಾನು ಅತ್ತಿಗೆಯನ್ನು ಕೇಳಿದೆ. ಸ್ಟುಡಿಯೋದಲ್ಲಿ ಒಂದು ಮೂಲೆಯಲ್ಲಿ ಕೂತು ನೋಡಿದವಳು ಅವಳೊಬ್ಬಳೇ.

"ಅತ್ಗೆ, ಕೊನೇ ಚರಣ ಏನ್ ಹಾಡ್ದ?"

ಅವಳು ಒಲೆಗೆ ಸೌದೆ ತಳ್ಳಿದಳು. ಆಮೇಲೆ ನಕ್ಕಳು. ಗಂಡ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನೂ ಹಾಡ್ಲಿಲ್ಲ ಕಣಪ್ಪ. ಗಂಟ್ಲು ಕಟ್ಕಂಡ್ಬುಡ್ತು. ಸುಮ್ಕೆ ತುಟಿ ಆಡಿಸ್ದ. ಈಚೆಗೆ ಬಂದ್ಮ್ಯಾಕೆ ನಾನು ಅಳ್ತಿದ್ರೆ, ಯಾಕಳ್ತೀಯೆ ಅಂದ. ನಮ್ಮೋರು ಇನ್ನೂ ಕೂಗ್ತಾವ್ರೆ, ಯಾರ್ ಕೇಳುಸ್ಕಂಡವ್ರೆ, ಅಂದ."

ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಅವನ ಗಂಟಲು ಸೋತ ಜಾಗವನ್ನು ನಮ್ಮ ಕೂಗು ಮುಚ್ಚಿತ್ತು. ಮುಚ್ಚುತ್ತದೆಂದು ಅವನಿಗೆ ಮೊದಲೇ ನಂಬಿಕೆಯಿತ್ತು. ಈಗ ಹೇಳಿ, ಮರೆತವನು ಯಾರು?

ಅವನ ನೆನಪಿಗೆ ಮಧುಗಿರಿಯಲ್ಲಿ ಒಂದು ಸಭೆ ಮಾಡಬೇಕೆಂದು ಸಮಿತಿಯಾಯಿತು. ಅಧ್ಯಕ್ಷರು ಒಬ್ಬ ವಕೀಲರು, ಪದದಣ್ಣನನ್ನು ನಿಜವಾಗಿ ಪ್ರೀತಿಸಿದವರು. ಬೆಂಗಳೂರಿನಿಂದ ಒಬ್ಬ ಗಾಯಕಿಯನ್ನು ಕರೆಸಿ ಅವನ ಪದ ಹಾಡಿಸುವುದು, ಹಾಡಿಸಿದ್ದನ್ನು ಕ್ಯಾಸೆಟ್ ಮಾಡುವುದು ಎಂದು ನಿಶ್ಚಯಿಸಿದರು. ಆ ಖಾಲಿ ಜಾಗದಲ್ಲಿ ಅವನ ಹೆಸರನ್ನೇ ಅಂಕಿತವಾಗಿ ಇಡುವುದೆಂದೂ ಹೇಳಿದರು. ನನಗೆ ಮೈ ಉರಿಯಿತು.

"ಅಂಕಿತ ಇಲ್ಲದ ಪದ ತಬ್ಬಲಿ ಆಗುತ್ತೆ ಕಣಯ್ಯ," ಎಂದರು ವಕೀಲರು ಸಮಾಧಾನವಾಗಿ. "ನಾಳೆ ಯಾವನೋ ಬಂದು ನಂದು ಅಂತಾನೆ. ಆಗೇನ್ ಮಾಡ್ತೀಯ? ಪತ್ರಿಕೆಯವರು ಮರೆತ ಅಂತ ಬರೆದ್ರಲ್ಲ, ಅದಕ್ಕೂ ಇದೇ ಉತ್ತರ."

"ನಂದು ಅನ್ಲಿ ಅಂತ್ಲೇ ಸ್ವಾಮಿ ಅವ್ನು ಕಟ್ಟಿದ್ದು," ಎಂದೆ.

ಅತ್ತಿಗೆಯನ್ನು ಕೇಳೋಣವೆಂದು ಇಬ್ಬರೂ ಹಟ್ಟಿಗೆ ಹೋದೆವು. ಅವಳು ವಕೀಲರ ಮಾತನ್ನೆಲ್ಲ ಕೇಳಿ, "ಆಯಪ್ಪನ ಹೆಸ್ರು ನಾನ್ ಬಾಯಲ್ಲಿ ಹೇಳಾಂಗಿಲ್ಲ, ನಮ್ಮಲ್ಲಿ ಗಂಡನ ಹೆಸ್ರು ಹೇಳಲ್ಲ. ಆ ಜಾಗ ಆಯಪ್ಪಂದಲ್ಲ ಅನ್ನೋದು ಮಾತ್ರ ಹೇಳ್ತೀನಿ," ಎಂದಳು. ವಕೀಲರು ಕೈಮುಗಿದು ಎದ್ದರು. ಅವರ ನಿರ್ಧಾರ ಬದಲಾಗಲಿಲ್ಲ. ಮೈಕು ಒಂದೇ ಸಾಕು ಎಂದು ನನಗೆ ತಾಕೀತು ಮಾಡಿದರು. ನಾನು ಎರಡು ಒಯ್ದೆ.

ಬೆಟ್ಟದ ಕೆಳಗಿನ ಬಯಲಿನಲ್ಲಿ, ಬಿಸಿಲು ಇಳಿಯುವ ಹೊತ್ತು. ವೇದಿಕೆಯ ಮೇಲೆ ಹಾರ ಹಾಕಿದ ಅವನ ಫೋಟೋ. ಮುಂದಿನ ಸಾಲಿನ ಕುರ್ಚಿಯಲ್ಲಿ ಅತ್ತಿಗೆ, ಅವಳ ಕಾಲ ಬಳಿ ನನ್ನ ಎರಡನೇ ಮೈಕು. ಗಾಯಕಿ ಚೆನ್ನಾಗಿಯೇ ಹಾಡಿದರು, ಇಲ್ಲವೆನ್ನುವುದಿಲ್ಲ. 'ಎದೆ ತಟ್ಟಿ ಕೂಗಿ ಹೇಳೋ ನಿನ್ನ ಹೆಸರಣ್ಣ' ಎಂದು ಮುಗಿಸಿ, ಉಸಿರು ಎಳೆದು, ಅವನ ಹೆಸರನ್ನು ರಾಗವಾಗಿ ಎತ್ತಿದರು.

ಎದ್ದು ನಿಲ್ಲಲು ಹೊರಟಿದ್ದವರು ಹಾಗೇ ಕೂತರು. ಸತ್ತವನ ಹೆಸರಿನ ಮೇಲೆ ತಮ್ಮ ಹೆಸರು ಕೂಗುವುದು ಹೇಗೆ? ಸಾಹೇಬರು ತಲೆ ತಗ್ಗಿಸಿದರು. ಬಲಸಮುದ್ರದ ಅಜ್ಜ ಟವೆಲಿನಿಂದ ಕಣ್ಣೊರೆಸಿಕೊಂಡ. ಆಂಪ್ಲಿಫಯರ್ ಮುಂದೆ ಕೂತ ನನಗೆ, ಮುಗಿಯಿತು, ಇನ್ನು ಮೇಲೆ ಆ ಜಾಗ ಯಾವತ್ತೂ ನಮಗೆ ಸಿಗುವುದಿಲ್ಲ ಅನ್ನಿಸಿತು. ಗಾಯಕಿ ಅದನ್ನೇ ಎರಡನೇ ಸಲ ಎತ್ತಲು ಬಾಯಿ ತೆರೆದರು.

ಅತ್ತಿಗೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ನಾನು ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಅವಳು ಬಾಗಿ ಮೈಕು ಎತ್ತಿಕೊಂಡು, ಕುರಿ ಮಂದೆಯನ್ನು ಆಚೆ ಗುಡ್ಡದಿಂದ ಕರೆಯುವ ದನಿಯಲ್ಲಿ ಕೂಗಿದಳು:

"ಲಕ್ಕಮ್ಮಾ."

ಬೆಟ್ಟದ ಬಂಡೆಗೆ ಹೊಡೆದು ಅದು ವಾಪಸು ಬಂತು. ಆಮೇಲೆ ಇಡೀ ಬಯಲು ಎದ್ದಿತು. ಯಾರ ಹೆಸರು ಯಾರದೆಂದು ಹೇಳಲಾಗದಷ್ಟು ಹೆಸರುಗಳು. ವಕೀಲರೂ ಕೂಗುತ್ತಿದ್ದರು, ನಾನು ನೋಡಿದೆ. ಗಾಯಕಿ ಹಾಡು ನಿಲ್ಲಿಸಿ, ಏನು ಮಾಡಬೇಕೆಂದು ತಿಳಿಯದೆ ಅತ್ತಿಗೆಯ ಮುಖ ನೋಡಿದರು. ಎಲ್ಲರದೂ ಮುಗಿಯುವವರೆಗೆ, ಸಾಹೇಬರದೂ ಮುಗಿಯುವವರೆಗೆ ಅವಳು ನಿಂತೇ ಇದ್ದಳು. ಆಮೇಲೆ ಕೂತು, "ಈಗ ಮುಂದ್ಕ್ ಹಾಡಮ್ಮ," ಎಂದಳು.

ಅವಳ ಕೈಯ ಮುದ್ದೆಯನ್ನು ನಾನು ಎಷ್ಟು ವರ್ಷ ಉಂಡಿದ್ದೆ. ಅವಳ ಹೆಸರು ಲಕ್ಕಮ್ಮ ಎಂದು ನನಗೆ ತಿಳಿದದ್ದು ಅವತ್ತೇ.